ಹಕ್ಕಿ ಹಿಕ್ಕೆಯ ದುಡ್ಡಿನ ಬಂಗಲೆ

ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ಟಿಂಟ್ಸ್‌ಫೀಲ್ಡ್ ಅಂತ ಒಂದು ಬಂಗಲೆ ಇದೆ. ಸುತ್ತ ತೋಟ, ಕಾಡು. 1843ರಲ್ಲಿ ಈ ಜಾಗ ಕೊಂಡ ವ್ಯಾಪಾರಿ ವಿಲಿಯಂ ಗಿಬ್ಸ್‌ಗೆ ದುಡ್ಡು ತಂದದ್ದು ಗ್ವಾನೊ, ಅಂದ್ರೆ ಪೆರು ದ್ವೀಪಗಳ ಕಡಲಹಕ್ಕಿ ಹಿಕ್ಕೆಯ ಗೊಬ್ಬರ. ಅದನ್ನ ಅಗೆದವರಲ್ಲಿ ಕರಾರಿನ ಮೇಲೆ ತಂದ ಚೀನೀ ಕೂಲಿಗಳೂ ಇದ್ರು.

2001ರಲ್ಲಿ ಮಾಲೀಕ ಲಾರ್ಡ್ ರಾಕ್ಸಾಲ್ ಮದುವೆಯಾಗದೆ ತೀರಿಕೊಂಡ್ರು. ಆಸ್ತಿ ಹಲವರ ಪಾಲಾಗಿ ಮಾರಾಟಕ್ಕೆ ಬಂತು. ನ್ಯಾಷನಲ್ ಟ್ರಸ್ಟ್ ಜನರ ಹತ್ರ ಕೈಚಾಚಿತು: 100 ದಿನಗಳಲ್ಲಿ 82 ಲಕ್ಷ ಪೌಂಡ್! ಸರ್ಕಾರದ ಪರಂಪರೆ ನಿಧಿ ಇನ್ನೂ 1 ಕೋಟಿ 74 ಲಕ್ಷ ಕೊಟ್ಟಿತು. 2002ರಲ್ಲಿ ಮನೆ, ಸಾಮಾನು, ತೋಟ ಒಟ್ಟಿಗೆ ಉಳಿದವು.

ನಮ್ಮ ಕಡೆ ತೊಟ್ಟಿಮನೆ ಪಾಲಾದ್ರೆ ಕಂಬ ಒಂದು ಲಾರಿ, ಬಾಗಿಲು ಇನ್ನೊಂದು ಲಾರಿ ಹತ್ತುತ್ತೆ. ಉಳಿಸೋದಾದ್ರೆ ಪೂರ್ತಿ ಉಳಿಸ್ಬೇಕು, ಅಗೆದವರ ಕಥೆಯನ್ನೂ ಸೇರಿಸಿ.