ಭೂಮಿಯ ಹುಟ್ಟಿಗೆ ಉಲ್ಕಾಶಿಲೆಗಳ ಸಾಕ್ಷ್ಯ

ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ. ಈ ಲೆಕ್ಕ ದೊರೆತದ್ದು ಭೂಮಿಯ ಬಂಡೆಗಳಿಂದಲ್ಲ, ಆಕಾಶದಿಂದ ಬಿದ್ದ ಕಲ್ಲುಗಳಿಂದ.

ಆರಂಭದಲ್ಲಿ ಭೂಮಿ ಬಹುಪಾಲು ಕರಗಿದ ಸ್ಥಿತಿಯಲ್ಲಿತ್ತು. ಭಾರವಾದ ಕಬ್ಬಿಣ ಮತ್ತು ನಿಕ್ಕಲ್ ಕೆಳಗಿಳಿದು ಭೂಗರ್ಭವನ್ನು ಸೇರಿದವು. ಅನಂತರ ಭೂಫಲಕಗಳ ಚಲನೆ, ಮಳೆ ಹಾಗೂ ಗಾಳಿಯ ಸವೆತಗಳಿಂದ ಮೊದಲ ಶಿಲಾಪದರ ಅಳಿದುಹೋಯಿತು. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ದೊರೆತ ಅತಿ ಹಳೆಯ ಜಿರ್ಕಾನ್ ಹರಳುಗಳ ವಯಸ್ಸೂ ಸುಮಾರು 440 ಕೋಟಿ ವರ್ಷವಷ್ಟೇ. ಅದಕ್ಕೂ ಹಿಂದಿನ ಕಥೆಯನ್ನು ಅರಿಯಲು ಉಲ್ಕಾಶಿಲೆಗಳೇ ಮುಖ್ಯ ಆಧಾರ.

ಹಳೆಯ ಕಲ್ಲು

ಬಹುತೇಕ ಉಲ್ಕಾಶಿಲೆಗಳು ಕ್ಷುದ್ರಗ್ರಹಗಳ ಚೂರುಗಳು. ಇವುಗಳಲ್ಲಿ 'ಕಾಂಡ್ರೈಟ್' ಎಂಬ ವರ್ಗದವು ಪೂರ್ತಿಯಾಗಿ ಕರಗದೆ ಉಳಿದ ಕಾರಣ ಸೌರವ್ಯೂಹದ ಮೂಲದ್ರವ್ಯವನ್ನು ಕಾಪಾಡಿಕೊಂಡಿವೆ. 1969ರ ಫೆಬ್ರುವರಿ 8ರಂದು ಮೆಕ್ಸಿಕೋದಲ್ಲಿ ಬಿದ್ದ ಅಯೆಂದೆ ಉಲ್ಕಾಶಿಲೆಯಲ್ಲಿ ಕ್ಯಾಲ್ಸಿಯಂ ಹಾಗೂ ಅಲ್ಯುಮಿನಿಯಂ ತುಂಬಿದ ಬಿಳಿ ಚುಕ್ಕೆಗಳಿವೆ. ಸುಮಾರು 456.7 ಕೋಟಿ ವರ್ಷ ಹಳೆಯದಾದ ಇಂತಹ ಚುಕ್ಕೆಗಳೇ ಸೌರವ್ಯೂಹದಲ್ಲಿ ಮೊದಲು ಘನೀಭವಿಸಿದ ವಸ್ತುಗಳೆಂದು ಪರಿಗಣಿಸಲಾಗಿದೆ.

ಸೀಸದ ಲೆಕ್ಕ

ಯುರೇನಿಯಂ ಕಾಲಕ್ರಮೇಣ ಸೀಸವಾಗಿ ಮಾರ್ಪಡುತ್ತದೆ. ಅಮೆರಿಕದ ಅರಿಜೋನಾದ ಕ್ಯಾನ್ಯನ್ ಡಯಾಬ್ಲೊ ಕಬ್ಬಿಣದ ಉಲ್ಕಾಶಿಲೆಯಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದರಲ್ಲಿರುವ ಸೀಸ ಸೌರವ್ಯೂಹದ ಆರಂಭಕಾಲದ್ದೇ. ಅದನ್ನು ಇತರ ಉಲ್ಕಾಶಿಲೆಗಳ ಮತ್ತು ಸಾಗರತಳದ ಕೆಸರಿನ ಸೀಸದೊಂದಿಗೆ ಹೋಲಿಸಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಯ ವಯಸ್ಸನ್ನು ಪ್ರಕಟಿಸಿದರು. ಗಾಳಿ, ಧೂಳಿನಲ್ಲಿದ್ದ ಸೀಸ ಮಾದರಿಗಳಿಗೆ ಬೆರೆತು ಅವರ ಅಳತೆಯನ್ನು ಕೆಡಿಸುತ್ತಿತ್ತು. ಅದನ್ನು ತಡೆಯಲು ಅವರು ಅತ್ಯಂತ ಶುದ್ಧವಾದ ಪ್ರಯೋಗಶಾಲೆಯನ್ನೇ ರೂಪಿಸಿದರು. ಪೆಟ್ರೋಲಿಗೆ ಸೀಸ ಬೆರೆಸುವುದರ ವಿರುದ್ಧ ಅವರು ಮುಂದೆ ನಡೆಸಿದ ಹೋರಾಟಕ್ಕೆ ಈ ಅನುಭವವೇ ನಾಂದಿಯಾಯಿತು.

ನೀರು ಎಲ್ಲಿಂದ?

ಸೂರ್ಯನ ಸಮೀಪ ರೂಪುಗೊಂಡ ಭೂಮಿ ಮೊದಲು ಒಣಗಿತ್ತು, ನೀರು ಆಮೇಲೆ ದೂರದ ಕ್ಷುದ್ರಗ್ರಹಗಳಿಂದ ಬಂತು ಎಂಬ ವಾದ ಬಹುಕಾಲ ಪ್ರಬಲವಾಗಿತ್ತು. 2020ರಲ್ಲಿ ಫ್ರಾನ್ಸಿನ ಸಂಶೋಧಕರು 13 ಎನ್‌ಸ್ಟಟೈಟ್ ಕಾಂಡ್ರೈಟ್‌ಗಳನ್ನು ಪರೀಕ್ಷಿಸಿದರು. ಘಟಕಾಂಶಗಳಲ್ಲಿ ಭೂಮಿಯನ್ನು ಬಹಳವಾಗಿ ಹೋಲುವ ಶಿಲೆಗಳಿವು. ಇಂತಹ ದ್ರವ್ಯದಿಂದಲೇ ಭೂಮಿ ರೂಪುಗೊಂಡಿದ್ದರೆ, ಇಂದಿನ ಸಾಗರಗಳ ನೀರಿನ ಕನಿಷ್ಠ ಮೂರು ಪಟ್ಟು ನೀರಿಗೆ ಸಾಲುವಷ್ಟು ಜಲಜನಕ ಅದರಲ್ಲಿಯೇ ಇತ್ತೆಂದು ಅವರು ಲೆಕ್ಕ ಹಾಕಿದರು.

ಇಲ್ಲಿಯೂ ಕಲಬೆರಕೆಯ ಸಂಶಯವೆದ್ದಿತು. ಭೂಮಿಗೆ ಬಿದ್ದ ಕಲ್ಲು ಇಲ್ಲಿನ ತೇವವನ್ನೇ ಹೀರಿಕೊಂಡಿರಬಹುದಲ್ಲವೇ? 2025ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡವು ಅಂಟಾರ್ಕ್ಟಿಕಾದಲ್ಲಿ ಸಂಗ್ರಹಿಸಿದ್ದ ಇಂತಹುದೇ ಶಿಲೆಯೊಂದನ್ನು ಪರೀಕ್ಷಿಸಿತು. ಜಲಜನಕ ಹೆಚ್ಚಾಗಿ ಗಂಧಕದೊಡನೆ ಬೆಸೆದುಕೊಂಡಿತ್ತು. ತುಕ್ಕು ಹಿಡಿದ, ಬಿರುಕುಬಿಟ್ಟ ಭಾಗಗಳಲ್ಲಿ ಅದು ತೀರಾ ಕಡಿಮೆಯಿತ್ತು. ಹೀಗಾಗಿ ಅದರ ಬಹುಪಾಲು ಶಿಲೆಯ ಸ್ವಂತದ್ದು ಎಂದು ತಂಡವು ನಿರ್ಣಯಿಸಿತು.

ದೂರದ ಕ್ಷುದ್ರಗ್ರಹಗಳಿಂದ ಸ್ವಲ್ಪ ನೀರು ಬಂದಿರುವ ಸಾಧ್ಯತೆಯನ್ನು ಈ ಅಧ್ಯಯನಗಳು ಅಲ್ಲಗಳೆಯುವುದಿಲ್ಲ. ಆದರೆ ಭೂಮಿಯ ನೀರಿನ ಬಹುಪಾಲು ಅದರ ಹುಟ್ಟಿನೊಂದಿಗೇ ಬಂದಿತೆಂಬ ವಾದಕ್ಕೆ ಇವುಗಳಿಂದ ಬಲ ದೊರೆತಿದೆ.