ದೊರೆಯ ಹುಟ್ಟುಹಬ್ಬಕ್ಕೆ ಪ್ರಜೆಯ ಪ್ರಶ್ನೆ

ಜೂನ್ 4. ಈ ತಾರೀಕು ಕೇಳಿದ ತಕ್ಷಣ ನಿಮಗೇನು ನೆನಪಾಗುತ್ತೆ? ಇವತ್ತಿನ ಹುಡುಗರಿಗೆ ಏನೂ ನೆನಪಾಗದೇ ಇರಬಹುದು. ಆದ್ರೆ ಹಳೇ ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ ಅದು ಹಬ್ಬ. 1884ರ ಜೂನ್ 4, ನಾಲ್ವಡಿ ಕೃಷ್ಣರಾಜ ಒಡೆಯರ್ ಹುಟ್ಟಿದ ದಿನ. ಮಹಾರಾಜರ ಹುಟ್ಟುಹಬ್ಬವನ್ನ ಆಗ ‘ವರ್ಧಂತಿ’ ಅಂತಿದ್ರು.

ರಾಜನ ಹೆಸರಲ್ಲಿ ಹಬ್ಬ ಮಾಡೋದು ನಮ್ಮಲ್ಲಿ ಮಾತ್ರ ಅಲ್ಲ. ನೆದರ್ಲೆಂಡ್ಸ್‌ನಲ್ಲಿ ಏಪ್ರಿಲ್ 27 ರಾಜನ ದಿನ. ಜಪಾನ್‌ನಲ್ಲಿ ಫೆಬ್ರವರಿ 23 ಚಕ್ರವರ್ತಿಯ ಹುಟ್ಟುಹಬ್ಬ, ದೇಶಕ್ಕೇ ರಜೆ. ಆದ್ರೆ ಮೈಸೂರಿನ ವರ್ಧಂತಿಗೆ ಇನ್ನೊಂದು ಮುಖ ಇತ್ತು. ಇವತ್ತು ನಾನು ಹೇಳಬೇಕಿರೋದು ಅದನ್ನೇ.

1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯ್ತು. ಮೊದಲ ಸಭೆಗೆ ಬಂದವರು 144 ಮಂದಿ. ಯಾವಾಗ ಸೇರಿದ್ರು ಗೊತ್ತಾ? ದಸರಾ ಹೊತ್ತಲ್ಲಿ. ದರ್ಬಾರು ನೋಡೋಕೆ ತಾಲ್ಲೂಕುಗಳಿಂದ ಹೇಗೂ ಪ್ರಮುಖರು ಬರ್ತಾರೆ, ಹಾಗೇ ನಾಡಿನ ಕಷ್ಟಸುಖವನ್ನೂ ಹೇಳಿ ಹೋಗಲಿ ಅನ್ನೋ ಲೆಕ್ಕಾಚಾರ. ಮುಂದೆ ನಾಲ್ವಡಿಯವರ ಕಾಲದಲ್ಲಿ ವರ್ಷಕ್ಕೆ ಎರಡು ಅಧಿವೇಶನ ಆಯ್ತು. ಒಂದು ದಸರಾ ಅಧಿವೇಶನ. ಇನ್ನೊಂದು, ಜೂನ್‌ನಲ್ಲಿ ವರ್ಧಂತಿ ಅಧಿವೇಶನ!

ಯೋಚನೆ ಮಾಡಿ. ದೊರೆಯ ಹುಟ್ಟುಹಬ್ಬದ ಹೆಸರಲ್ಲೇ ಪ್ರಜೆಗಳು ಸೇರಿ ದಿವಾನರನ್ನ ಪ್ರಶ್ನೆ ಕೇಳೋದು. ನಮ್ಮೂರ ಕೆರೆ ಏನಾಯ್ತು, ರಸ್ತೆ ಏನಾಯ್ತು, ಶಾಲೆ ಯಾವಾಗ ಕೊಡ್ತೀರಿ?

ಹಾಗಂತ ಅದನ್ನ ರಾಮರಾಜ್ಯ ಅಂತ ನಾನು ಹೇಳೋದಿಲ್ಲ. ಆ ಸಭೆಗೆ ಕಾನೂನು ಮಾಡೋ ಅಧಿಕಾರ ಇರಲಿಲ್ಲ. ಎಲ್ಲರಿಗೂ ಓಟು ಇರಲಿಲ್ಲ. ಕೊನೆ ಮಾತು ದೊರೆಯದೇ. 1938ರಲ್ಲಿ, ಇದೇ ನಾಲ್ವಡಿಯವರ ಆಳ್ವಿಕೆಯಲ್ಲೇ, ವಿದುರಾಶ್ವತ್ಥದಲ್ಲಿ ಜನರ ಮೇಲೆ ಗುಂಡು ಹಾರಿತು. 1947ರಲ್ಲಿ ‘ಮೈಸೂರು ಚಲೋ’ ನಡೆದ ಮೇಲೇ ಜವಾಬ್ದಾರಿ ಸರ್ಕಾರ ಬಂದದ್ದು. ಕೃಷ್ಣರಾಜಸಾಗರ, 1916ರ ಮೈಸೂರು ವಿಶ್ವವಿದ್ಯಾಲಯ, ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡಿಸೋಕೆ ರಚಿಸಿದ ಮಿಲ್ಲರ್ ಸಮಿತಿ, ಇವನ್ನ ನೆನೆಯುವಾಗ ಆ ಗುಂಡಿನ ಸದ್ದನ್ನೂ ಮರೀಬಾರದು.

ಈಗ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಬನ್ನಿ. ಅಲ್ಲಿ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ. 1246ರಲ್ಲಿ, ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಊರಿಗೆ ಆಗ ವಿಜಯ ಸೋಮನಾಥಪುರ ಅನ್ನೋ ಗತ್ತಿನ ಹೆಸರಿತ್ತು. ಆ ಹೆಸರು ಇವತ್ತು ಯಾರ ಬಾಯಲ್ಲಿದೆ? ಬಸ್ಸಿನ ಬೋರ್ಡಿನಲ್ಲೂ ನುಗ್ಗೇಹಳ್ಳಿ, ಜನರ ಬಾಯಲ್ಲೂ ನುಗ್ಗೇಹಳ್ಳಿ. ಅದೇ ದೇವಸ್ಥಾನದ ಗೋಡೆಯಲ್ಲಿ ವಿಗ್ರಹಗಳ ಕೆಳಗೆ ನೋಡಿ. ಕೆತ್ತಿದ ಶಿಲ್ಪಿಗಳಾದ ಬೈಚೋಜ, ಮಲ್ಲಿತಮ್ಮ ತಮ್ಮ ಹೆಸರು ಕೊರೆದು ಹೋಗಿದ್ದಾರೆ. ಸುಮಾರು 780 ವರ್ಷ ಆಯ್ತು, ಇನ್ನೂ ಓದಬಹುದು. ಕೊಟ್ಟ ಬಿರುದು ಅಳಿಯುತ್ತೆ ಸ್ವಾಮಿ, ಮಾಡಿದ ಕೆಲಸ ಉಳಿಯುತ್ತೆ.

ಇವತ್ತು ನಾವು ಜಯಂತಿ ಹೇಗೆ ಮಾಡ್ತೀವಿ? ಫ್ಲೆಕ್ಸು, ಹಾರ, ಮೈಕು, ಮೆರವಣಿಗೆ. ಫ್ಲೆಕ್ಸ್‌ನಲ್ಲಿ ಮಹಾರಾಜರ ಮುಖ ಇಷ್ಟು, ಮರಿ ಪುಢಾರಿಯ ಮುಖ ಅಷ್ಟು! ವೇದಿಕೆಯಲ್ಲಿ ಶಾಸಕರು, ಅಧಿಕಾರಿಗಳು ಸಾಲಾಗಿ ಕೂತಿರ್ತಾರೆ. ಅವರನ್ನ ಯಾರಾದ್ರೂ ಒಂದು ಪ್ರಶ್ನೆ ಕೇಳ್ತಾರಾ? ರಾಜನಿದ್ದಾಗ ಹಬ್ಬದ ದಿನ ಪ್ರಶ್ನೆ ಕೇಳ್ತಿದ್ದ ಜನ, ತಾವೇ ರಾಜರಾದ ಮೇಲೆ ಹಾರ ಹಾಕಿ, ಚಪ್ಪಾಳೆ ತಟ್ಟಿ, ಸುಮ್ಮನೆ ಮನೆಗೆ ಹೋಗ್ತಿದ್ದೀವಿ.

ಮುಂದಿನ ಜೂನ್ 4ಕ್ಕೆ ಹಾರ ಹಾಕಿ, ಬೇಡ ಅನ್ನಲ್ಲ. ಆದ್ರೆ ಜೇಬಲ್ಲಿ ಒಂದು ಚೀಟಿನೂ ಇರಲಿ. ನಿಮ್ಮೂರ ಕೆರೆ, ನಿಮ್ಮ ಮಕ್ಕಳ ಶಾಲೆ, ಆಸ್ಪತ್ರೆಗೆ ಹೋಗೋ ರಸ್ತೆ, ಯಾವುದಾದ್ರೂ ಒಂದರ ಬಗ್ಗೆ ಒಂದೇ ಒಂದು ಪ್ರಶ್ನೆ ಬರ್ಕೊಂಡು ಹೋಗಿ. ವೇದಿಕೆ ಮೇಲಿರೋರಿಗೆ ಕೊಡಿ, ಉತ್ತರ ಕೇಳಿ. ವರ್ಧಂತಿಯನ್ನ ಹೀಗೂ ಆಚರಿಸಬಹುದು. ನಮ್ಮ ಹಿರಿಯರು ಆಚರಿಸಿದ್ರು.