ಗುಡ್ಡ ಬೋಳಾಗಿದ್ದು ಯಾರ ಒಲೆಗೆ?

ಆಫ್ರಿಕಾದ ಕಾಡುಗಳು ಸೌದೆ, ಇದ್ದಿಲಿಗೆ ಕರಗುತ್ತಿವೆ, ಮರಗಳಲ್ಲಿ ಕೂಡಿಕೊಂಡಿದ್ದ ಇಂಗಾಲ ಹೊಗೆಯಾಗಿ ಹೋಗುತ್ತಿದೆ ಅಂತ ಆಗಾಗ ಓದ್ತಾ ಇರ್ತೀವಲ್ಲ. ಬರಹ ಯಾವುದೇ ಇರಲಿ, ಪಕ್ಕದ ಫೋಟೊ ಮಾತ್ರ ಹೆಚ್ಚುಕಮ್ಮಿ ಒಂದೇ: ತಲೆ ಮೇಲೆ ಸೌದೆ ಹೊರೆ ಹೊತ್ತ ಹೆಂಗಸು. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವನಾದ ನನಗೆ ಅದು ದೂರದ ಚಿತ್ರವಲ್ಲ. ನಮ್ಮಜ್ಜಿ ಒಲೆ ಉರಿಸಿದ್ದೇ ಜಾಲಿ ಕಡ್ಡಿ, ತೊಗರಿ ಕಟ್ಟಿಗೆ, ಬೆರಣಿಯಲ್ಲಿ. ಒಂದು ಸಲ ಕಾವಲಿನವನೊಬ್ಬ ಅವಳ ಕುಡುಗೋಲು ಕಿತ್ತುಕೊಂಡು, "ಕಾಡು ಹಾಳು ಮಾಡೋರೇ ನೀವು" ಅಂದಿದ್ದನಂತೆ. ಕುಡುಗೋಲು ಹೋಗಿದ್ದಕ್ಕಿಂತ ಆ ಮಾತೇ ಅಜ್ಜಿಗೆ ನೋವು. ಅದು ನಿಜವೇ? ನಮ್ಮ ಸೀಮೆಯ ಚರಿತ್ರೆಯನ್ನೇ ಕೆದಕಿ ನೋಡೋಣ ಅನ್ನಿಸಿತು.

ಟಿಪ್ಪು ಸತ್ತ ಮೇಲೆ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆ ಸುತ್ತಲು ಕಳಿಸಿತು. 1801ರಲ್ಲಿ ಆತ ಚಿತ್ರದುರ್ಗ, ಹಿರಿಯೂರುಗಳನ್ನು ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಗಾಜಿನ ಬಳೆ ಕುಲುಮೆಗಳಿವೆ, ಆ ಸೀಮೆಯಲ್ಲಿ ಅದಿರು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದ ಸಂಗತಿಯೂ ಇದೆ. ಕಬ್ಬಿಣಕ್ಕೆ ಬರೀ ಬೆಂಕಿ ಸಾಲದು, ಇದ್ದಿಲೇ ಬೇಕು. ಅದಿರಿನೊಳಗಿನ ಆಮ್ಲಜನಕವನ್ನು ಕಿತ್ತು ತೆಗೆಯೋದು ಇದ್ದಿಲಿನ ಇಂಗಾಲ. ಹಳೇ ಪದ್ಧತಿಯ ಮಣ್ಣು ಮುಚ್ಚಿದ ಗೂಡಿನಲ್ಲಿ ಒಂದು ಟನ್ ಇದ್ದಿಲಾಗಲು ಐದರಿಂದ ಹತ್ತು ಟನ್ ಸೌದೆ ಬೇಕು. ಆದರೂ ಅವು ಸಣ್ಣ ಕುಲುಮೆಗಳು. ತಿದಿ ಒತ್ತೋ ಕೈಗಳು ಎಷ್ಟೋ, ಬೆಂಕಿಯೂ ಅಷ್ಟೇ.

ಲೆಕ್ಕ ಬದಲಾದದ್ದು ಬೆಂಕಿಗೆ ಚಕ್ರ ಬಂದಾಗ. ಮೈಸೂರಿನಲ್ಲಿ ಅರಣ್ಯ ಇಲಾಖೆ ಶುರುವಾದದ್ದು 1864ರಲ್ಲಿ. ಬೆಂಗಳೂರಿಗೆ ಜೋಲಾರಪೇಟೆ ಕಡೆಯಿಂದ ರೈಲು ಬಂದದ್ದೂ ಅದೇ ವರ್ಷ. 1889ರ ಹೊತ್ತಿಗೆ ಹಳಿ ತುಮಕೂರು ದಾಟಿ, ಹೊಸದುರ್ಗ ರೋಡ್, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಹಾದು ಹರಿಹರ ಮುಟ್ಟಿತು. ಹಳಿಯಡಿಯ ಸ್ಲೀಪರಿಗೂ ಮರ, ಆ ಕಾಲದ ಎಂಜಿನ್ನಿನ ಹೊಟ್ಟೆಗೂ ಸೌದೆ. ಬೆಂಗಳೂರಿನ ಸುತ್ತ ಸರ್ವೆ ತೋಪುಗಳು ಎದ್ದದ್ದಕ್ಕೆ ಸೌದೆಯ ಈ ಬೇಡಿಕೆಯೂ ಒಂದು ಕಾರಣ. ಗಮನಿಸಿ: ಕಾಡು ಕಾಯುವ ಇಲಾಖೆಯೂ ಕಾಡು ಉರಿಸುವ ಎಂಜಿನ್ನೂ ಒಟ್ಟಿಗೇ ಬಂದವು. ಆದರೆ ಕುಡುಗೋಲು ಕಿತ್ತುಕೊಂಡದ್ದು ಎಂಜಿನ್ ಡ್ರೈವರನದ್ದಲ್ಲ!

ಇನ್ನು ಭದ್ರಾವತಿ. ಇಂಜಿನಿಯರಿಂಗ್ ಓದಿದ ನಮಗೆಲ್ಲ ವಿಶ್ವೇಶ್ವರಯ್ಯನವರೆಂದರೆ ದೇವರ ಸಮಾನ, ನನಗೂ ಹಾಗೇ. ಅವರು ದಿವಾನರಾಗಿದ್ದಾಗ 1918ರಲ್ಲಿ ಕೈಗೆತ್ತಿಕೊಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕಬ್ಬಿಣ ಇಳಿಸಿತು. ಅದಿರು ಕೆಮ್ಮಣ್ಣುಗುಂಡಿಯದು. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ, ಇದ್ದದ್ದು ಮಲೆನಾಡಿನ ಕಾಡು. ಹಾಗಾಗಿ ಆ ಊದುಕುಲುಮೆ ಇದ್ದಿಲಿನದು. ಸೌದೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲಿನ ಜೊತೆಗೆ ಮರದ ಟಾರು, ಮದ್ಯಸಾರಗಳನ್ನೂ ಹಿಡಿದಿಡುವ ದೊಡ್ಡ ಘಟಕವೇ ಅಲ್ಲಿತ್ತು. ಹಳ್ಳಿ ಗೂಡಿನಲ್ಲಿ ಹೊಗೆಯಾಗಿ ಹೋಗುತ್ತಿದ್ದುದನ್ನು ಬಾಟಲಿಗೆ ತುಂಬಿದ ಜಾಣತನ ಅದು. ಮುಂದೆ ಜೋಗದ ಕರೆಂಟಿನಿಂದ ನಡೆಯೋ ಕುಲುಮೆ ಬಂದ ಮೇಲೂ ಅದಿರಿನ ಆಮ್ಲಜನಕ ಕೀಳೋಕೆ ಇಂಗಾಲ ಬೇಕೇ ಬೇಕಿತ್ತು. ಜಾಣತನ ಎಷ್ಟಿದ್ದರೂ ಕುಲುಮೆಗೆ ಬೇಕಿದ್ದದ್ದು ಇಡೀ ಮರ, ಉದುರಿದ ಕಡ್ಡಿಯಲ್ಲ.

ಹಾಗಾದರೆ ಹಳ್ಳಿ ಒಲೆ ಏನೂ ಮಾಡಲಿಲ್ಲವೇ? ಇದನ್ನು ಕೂತು ಅಳೆದವರಿದ್ದಾರೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಕಟ್ಟಿದರು. ಅವರ ತಂಡ ತುಮಕೂರು ಜಿಲ್ಲೆಯ ಉಂಗ್ರ ಸುತ್ತಲ ಹಳ್ಳಿಗಳಲ್ಲಿ ಯಾವ ಮನೆ ಎಷ್ಟು ಸೌದೆ ಉರಿಸುತ್ತೆ, ಯಾರು ತರ್ತಾರೆ, ಎಷ್ಟು ದೂರ ನಡೀತಾರೆ ಅಂತೆಲ್ಲ ಲೆಕ್ಕ ಹಾಕಿತು. ಕಂಡದ್ದು ಇದು: ಸೌದೆಯಲ್ಲಿ ಬಹುಪಾಲು ಕೊಂಡದ್ದಲ್ಲ, ಆಯ್ದು ತಂದದ್ದು. ಹೆಚ್ಚಾಗಿ ಪುಳ್ಳೆ, ರೆಂಬೆ. ಹೊರುತ್ತಿದ್ದವರು ಹೆಂಗಸರು, ಮಕ್ಕಳು. ಬೆಂಗಳೂರಿನ ಸೌದೆ ಡಿಪೋಗಳದ್ದು ಬೇರೆಯೇ ಕಥೆ. ಅಲ್ಲಿಗೆ ದೂರದ ಕಾಡುಗಳಿಂದ ಲಾರಿಗಟ್ಟಲೆ ದಿಮ್ಮಿ ಬರುತ್ತಿತ್ತು. ಅಸ್ತ್ರ ಒಲೆಯಿಂದ ಅಮ್ಮಂದಿರ ಕಣ್ಣಿಗೆ, ಎದೆಗೆ ಹೊಗೆ ಕಮ್ಮಿಯಾಯಿತು. ಅದೇ ದೊಡ್ಡದು. ಆದರೆ ಕಾಡು ಉಳಿಸೋ ಹೊರೆಯನ್ನೂ ಆ ಒಲೆಯ ಮೇಲೇ ಹೇರಿದ್ದು ಸರಿಯೇ?

ಇಂಗಾಲದ ಲೆಕ್ಕವೂ ಇದನ್ನೇ ಹೇಳುತ್ತೆ. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ರೆಂಬೆ ಕಡಿದರೆ ಕೆಲವೇ ಮಳೆಗಾಲದಲ್ಲಿ ಚಿಗುರಿ ಅಷ್ಟನ್ನೂ ಗಾಳಿಯಿಂದ ವಾಪಸ್ ಎಳೆದುಕೊಳ್ಳುತ್ತೆ. ನಮ್ಮ ಸೀಮೆಯ ಒಂದು ಕಮರದ ಮರ ಬುಡಸಮೇತ ಹೋದರೆ ಆ ಸಾಲ ತೀರಲು ತಲೆಮಾರುಗಳೇ ಬೇಕು. 2015ರಲ್ಲಿ 'ನೇಚರ್ ಕ್ಲೈಮೇಟ್ ಚೇಂಜ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, 2009ರಲ್ಲಿ ಉಷ್ಣವಲಯದ ದೇಶಗಳಲ್ಲಿ ಉರುವಲಿಗೆ ಕಡಿದ ಸೌದೆಯಲ್ಲಿ ಶೇ. 27ರಿಂದ 34ರಷ್ಟು ಮಾತ್ರ ಮತ್ತೆ ಬೆಳೆಯೋ ಪ್ರಮಾಣವನ್ನು ಮೀರಿದ್ದು. ಅದೂ ಎಲ್ಲೆಡೆ ಒಂದೇ ಸಮ ಇಲ್ಲ. ಹೆಚ್ಚು ಒತ್ತಡವಿರೋದು ದಕ್ಷಿಣ ಏಷ್ಯಾ ಮತ್ತು ಪೂರ್ವ ಆಫ್ರಿಕಾದ ಕೆಲವು ಕಡೆ. ಆಫ್ರಿಕಾದಲ್ಲಿ ಇವತ್ತು ಮರ ನುಂಗುತ್ತಿರುವ ಇದ್ದಿಲು ಹೆಚ್ಚಾಗಿ ಹೋಗೋದು ನಗರಗಳಿಗೆ, ದಾರ್ ಎಸ್ ಸಲಾಮ್, ಲುಸಾಕಾದಂಥ ಊರುಗಳ ಅಡಿಗೆಮನೆಗೆ. ಹಗುರ, ಹೊಗೆ ಕಮ್ಮಿ, ಲಾರಿಯಲ್ಲಿ ಸಾಗಿಸೋದು ಸುಲಭ. ಆದರೆ ಹಳೇ ಗೂಡಿನಲ್ಲಿ ಸೌದೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸುಡುವಾಗಲೇ ವ್ಯರ್ಥ. ಕೊಳ್ಳೋ ಊರಿನವರೂ ಬಹುಪಾಲು ಬಡವರೇ. ಗ್ಯಾಸು, ಕರೆಂಟು ಕೈಗೆಟುಕಿದರೆ ಅವರೇನೂ ಇದ್ದಿಲೇ ಬೇಕು ಅನ್ನಲ್ಲ.

ಕಾಡು ಹೋಗಿಲ್ಲ ಅಂತ ನಾನು ಹೇಳ್ತಿಲ್ಲ. ಹೋಗಿದೆ. ಬೇಸಾಯ, ದನಕುರಿ, ಹೆಚ್ಚಿದ ಜನ, ಎಲ್ಲಕ್ಕೂ ಅದರಲ್ಲಿ ಪಾಲಿದೆ, ಅಜ್ಜಿಯ ಹೊರೆಗೂ ಒಂದಿಷ್ಟು. ಆದರೆ ಹೊರೆ ಕಣ್ಣಿಗೆ ಬೀಳುತ್ತೆ, ವ್ಯಾಗನ್ ಬೀಳೋದಿಲ್ಲ. ಯಾರ ಒಲೆ, ಯಾವ ಮರ, ಕಡಿದ ಮೇಲೆ ಚಿಗುರಿತೇ? ಈ ಮೂರು ಪ್ರಶ್ನೆ ಕೇಳದೆ ಬರೋ ಅಂಕಿ ಅಂಶ ನಂಬೋಕೆ ನನಗೆ ಕಷ್ಟ.

ನಿಮ್ಮೂರ ಕಡೆ ಇದ್ದಿಲು ಸುಟ್ಟವರು, ರೈಲಿಗೆ ಸೌದೆ ಹಾಕಿದವರ ಮನೆತನದ ಹಿರಿಯರು ಇದ್ದರೆ ಒಮ್ಮೆ ಕೂತು ಕೇಳಿ, ಬರೆದಿಡಿ. ಅವರ ಲೆಕ್ಕ ಇನ್ಯಾವ ಕಡತದಲ್ಲೂ ಸಿಗೋಲ್ಲ.